ಹರಿಗೋಲು ಸಂಘದ ಬಾಗಿಲು

"ಗುರುಗಳೇ, ಸಭೆಯ ಒಳಗೆ ಆಡಿದ ಮಾತನ್ನು ಹೊರಗೆ ಹೇಳುವುದು ತಪ್ಪಲ್ಲವೇ?" ಎಂದು ಚನ್ನವೀರ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕೂತು ಮುತ್ತುಗದ ಎಲೆ ಹಚ್ಚುತ್ತಿದ್ದರು. ಕಡ್ಡಿ ಚುಚ್ಚುತ್ತಲೇ, "ಯಾವ ಸಭೆ? ಯಾರ ಮಾತು? ನೆಟ್ಟಗೆ ಹೇಳು" ಎಂದರು.

ಚನ್ನವೀರ ತನ್ನ ಊರಿನ ಯುವಜನ ಸಂಘದ ಕಾರ್ಯದರ್ಶಿ. ಅವನು ಹೇಳಿದ: "ಸಂಘದ ವಾಚನಾಲಯಕ್ಕೆ ಸಂಜೆ ಹುಡುಗಿಯರು ಬರುವುದು ಬೇಡವೆಂದು ನಮ್ಮ ಸಮಿತಿಯಲ್ಲಿ ತೀರ್ಮಾನಿಸಲಾಯಿತು. ಊರಿಗೆ ಈಗಲೇ ತಿಳಿಸುವುದು ಬೇಡವೆಂದೂ ತೀರ್ಮಾನವಾಯಿತು. ಸಮಿತಿಯಲ್ಲಿದ್ದ ಮಂದಾಕಿನಿ ಮರುದಿನವೇ ಅದನ್ನು ಹುಡುಗಿಯರಿಗೆಲ್ಲ ಹೇಳಿಬಿಟ್ಟಳು. ಗುಟ್ಟು ರಟ್ಟು ಮಾಡಿದಳೆಂದು, ಅವಳಿಲ್ಲದ ದಿನ ಸಭೆ ಸೇರಿ ಅವಳನ್ನು ಸಮಿತಿಯಿಂದ ಕೈಬಿಡಲಾಯಿತು. ಈಗ ದಿನಾ ಬಂದು, 'ನನ್ನನ್ನು ತೆಗೆದವರು ಯಾರು ಯಾರು, ಹೆಸರು ಹೇಳಿ' ಎಂದು ಪಟ್ಟು ಹಿಡಿದಿದ್ದಾಳೆ. ಹೇಳಲು ನಿಯಮವಿಲ್ಲ. ತಪ್ಪು ಅವಳದೇ ಅಲ್ಲವೇ?"

ಗುರುಗಳ ಕೈ ನಿಂತಿತು. ಎಲೆಯನ್ನು ಪಕ್ಕಕ್ಕಿಟ್ಟರು.

"ಕೂತುಕೋ. ಒಂದು ಕತೆ ಹೇಳುತ್ತೇನೆ. ಮುಗಿಯುವ ತನಕ ಬಾಯಿ ಹಾಕಬೇಡ" ಎಂದು ಶುರು ಮಾಡಿದರು.

ಒಂದು ಊರು. ಊರ ಮುಂದೆ ಹೊಳೆ. ಸೇತುವೆ ಇಲ್ಲ. ಸಂತೆಗೆ ಹೋಗಬೇಕಾದರೂ ವೈದ್ಯರ ಹತ್ತಿರ ಹೋಗಬೇಕಾದರೂ ಹೊಳೆ ದಾಟಬೇಕು. ಊರಿನ ತರುಣರು ಸೇರಿ ಒಂದು ಸಂಘ ಕಟ್ಟಿದರು. ಬಿದಿರು ತಂದು ತಾವೇ ಹರಿಗೋಲು ಹೆಣೆದರು. ಜನರನ್ನು ದಾಟಿಸತೊಡಗಿದರು. ಒಳ್ಳೆಯ ಕೆಲಸ. ನಾನು ಇಲ್ಲವೆನ್ನುವುದಿಲ್ಲ.

ಸಂಘಕ್ಕೆ ಎಂಟು ಜನರ ಸಮಿತಿ. ಮೊದಮೊದಲು ಹೊಳೆಯ ದಂಡೆಯಲ್ಲೇ ಸಭೆ. ಬಟ್ಟೆ ಒಗೆಯಲು ಬಂದವರೂ ಕೇಳಿಸಿಕೊಳ್ಳುತ್ತಿದ್ದರು, ತಮಗನಿಸಿದ್ದನ್ನು ಹೇಳುತ್ತಿದ್ದರು. ಒಂದು ದಿನ ಒಬ್ಬ ಸದಸ್ಯ ತನ್ನ ಮನೆಯ ಸಂಕಟ ಹೇಳಿಕೊಂಡು ಅತ್ತ. ಅವನು ಮನೆ ಮುಟ್ಟುವ ಮೊದಲೇ ಆ ಮಾತು ಅವನ ಮನೆ ಮುಟ್ಟಿತ್ತು. ಅಂದಿನಿಂದ ಸಮಿತಿ ಒಂದು ಕೋಣೆ ಹಿಡಿಯಿತು. 'ಸಭೆಯ ಮಾತು ಸಭೆಯಲ್ಲೇ' ಎಂದು ನಿಯಮ ಬರೆಯಿತು. ಅದೂ ಸರಿಯೇ. ಅತ್ತವನ ಕಣ್ಣೀರನ್ನು ಊರಿಗೆಲ್ಲ ಹಂಚಬಾರದು.

ಆದರೆ ಬಾಗಿಲು ಹಾಕಿಕೊಂಡು ಕೂರುವ ರುಚಿ ಹತ್ತಿತು ನೋಡು! ಮುಂದಿನ ತಿಂಗಳಿಂದ ಎಲ್ಲವೂ ಗುಟ್ಟು. ಹರಿಗೋಲಿಗೆ ಡಾಂಬರು ಬಳಿಯುವ ದಿನವೂ ಗುಟ್ಟು! ಕೇಳಿದರೆ, 'ಅದು ಒಳಗಿನ ವಿಷಯ' ಎನ್ನುತ್ತಿದ್ದರು. ಮೀಸೆ ಸರಿಯಾಗಿ ಮೂಡದವರೆಲ್ಲ ಮಂತ್ರಿಗಳ ಹಾಗೆ ಗಂಟಲು ಸರಿಮಾಡಿಕೊಂಡು ಓಡಾಡತೊಡಗಿದರು.

ಹೀಗಿರುವಾಗ ಒಬ್ಬ ನೇಕಾರ ಹೆಂಗಸು ಅಧ್ಯಕ್ಷನ ಬಳಿ ಬಂದಳು. ಅವಳು ನೂಲು ತರಲು ದಿನಾ ಹೊಳೆ ದಾಟುವವಳು. 'ಹರಿಗೋಲಿಗೆ ಹುಟ್ಟು ಹಾಕುವವನು ಕುಡಿದು ಬರುತ್ತಾನಪ್ಪಾ. ನಿನ್ನೆ ನಡುನೀರಿನಲ್ಲಿ ತೂಕಡಿಸಿದ. ನಾವು ಐದು ಜನ ದೇವರೇ ಎಂದು ಕೂತಿದ್ದೆವು. ಅವನನ್ನು ಇಳಿಸಿ. ನನ್ನ ಹೆಸರು ಮಾತ್ರ ಹೊರಗೆ ಬರುವುದು ಬೇಡ, ನಾಳೆ ನಾನು ಅವನ ಹರಿಗೋಲನ್ನೇ ಹತ್ತಬೇಕು' ಎಂದಳು. ಅಧ್ಯಕ್ಷ ಎದೆ ಮುಟ್ಟಿಕೊಂಡು ಮಾತು ಕೊಟ್ಟ.

ಸಭೆ ಸೇರಿತು. ಬಾಗಿಲು ಹಾಕಿದರು. ಆ ಹುಟ್ಟು ಹಾಕುವವನೂ ಸಮಿತಿಯ ಸದಸ್ಯ. ಅವನನ್ನು ಒಳಗೆ ಕೂರಿಸಿಕೊಂಡೇ ಬಾಗಿಲು ಹಾಕಿದರು! ಯಾರ ಮೇಲೆ ದೂರೋ ಅವನು ಒಳಗೆ. ಯಾರ ಜೀವ ಹೋಗುವುದೋ ಅವರು ಹೊರಗೆ. ಇಂಥ ಬುದ್ಧಿಗೆ ಏನೆನ್ನಬೇಕು ಹೇಳು.

'ಊರಿಗೆ ಗೊತ್ತಾದರೆ ಸಂಘದ ಹೆಸರು ಕೆಡುತ್ತದೆ' ಎಂದ ಅಧ್ಯಕ್ಷ. ಕೈ ಎತ್ತಿಸಿದರು. ಇಳಿಸಬೇಕೆಂದು ಮೂರು ಕೈ, ಇರಲಿ ಎಂದು ಐದು ಕೈ. ಆ ಐದರಲ್ಲಿ ಅವನದೂ ಒಂದು. ಅಧ್ಯಕ್ಷ ಹೇಳಿದ್ದನ್ನೆಲ್ಲ ಕಾರ್ಯದರ್ಶಿ ಪುಸ್ತಕದಲ್ಲಿ ಬರೆದ. ದೂರು ಕೊಟ್ಟವಳ ಹೆಸರು, ಅವಳ ಗಂಡನ ಹೆಸರು, ಯಾವ ಕೇರಿ, ಎಲ್ಲ ಬರೆದ. ಅದರ ಕೆಳಗೆ, 'ಚರ್ಚಿಸಲಾಯಿತು. ಸೂಕ್ತ ಕ್ರಮ ಕೈಗೊಳ್ಳಲಾಯಿತು' ಎಂದು ಬರೆದ. ಹೀಗೆ ತಿಪ್ಪೆ ಸಾರಿಸಿ ಎದ್ದರು.

ಮರುದಿನ ದಡದಲ್ಲಿ ಹುಟ್ಟು ಹಾಕುವವನು ಎಲ್ಲರಿಗೂ ಕೈಕೊಟ್ಟು ಹತ್ತಿಸಿಕೊಂಡ. ನೇಕಾರ ಹೆಂಗಸಿಗೆ ಕೊಡಲಿಲ್ಲ. 'ನನ್ನ ಮೇಲೆ ಚಾಡಿ ಹೇಳುವವರು ಈಜಿಕೊಂಡು ಹೋಗಲಿ' ಎಂದು ನಾಲ್ಕು ಜನರ ಮುಂದೆ ನಕ್ಕ. ಅವಳು ಅಧ್ಯಕ್ಷನ ಬಳಿ ಓಡಿದಳು. 'ಏನಪ್ಪಾ ತೀರ್ಮಾನ ಮಾಡಿದಿರಿ?' ಎಂದಳು. 'ಸಭೆಯ ಮಾತು, ಹೇಳುವ ಹಾಗಿಲ್ಲ' ಎಂದ ಆ ಮಹಾನುಭಾವ. ಅವಳ ಹೆಸರನ್ನು ಊರ ಬಾಯಿಗೆ ಹಾಕಿದ್ದರು, ತಮ್ಮ ತೀರ್ಮಾನವನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅವಳು ಅಂದಿನಿಂದ ಅರ್ಧ ದಿನದ ದಾರಿ ಸುತ್ತಿಕೊಂಡು ನಡೆದೇ ಹೋದಳು.

ಅವಳು ಸುಮ್ಮನಿರಲಿಲ್ಲ. ಕೇರಿಯವರಿಗೆ ಹೇಳಿದಳು. ಅವರು ಹೋಗಿ ಸಮಿತಿಯನ್ನು ಕೇಳಿದರು. 'ಒಳಗಿನ ವಿಷಯ' ಎಂಬ ಉತ್ತರ ಬಂತು. ಒಳಗಿನವರು ನೋಡಿಕೊಂಡಿರಬೇಕು ಎಂದುಕೊಂಡು ಜನ ಮತ್ತೆ ಹರಿಗೋಲು ಹತ್ತಿದರು. ಪಾಪ, ನಂಬಿಕೆ.

ಇಳಿಸಬೇಕೆಂದು ಕೈ ಎತ್ತಿದ ಆ ಮೂವರು ಇದ್ದರಲ್ಲ, ಅವರಾದರೂ ಬಾಯಿ ಬಿಟ್ಟರೇ? ಇಲ್ಲ. ನಿಯಮ! ತಮ್ಮ ತಾಯಿ, ತಮ್ಮ ತಂಗಿಯರಿಗೆ ಮಾತ್ರ ಏನೋ ನೆಪ ಹೇಳಿ ಹರಿಗೋಲು ಹತ್ತದಂತೆ ನೋಡಿಕೊಂಡರು. ಕೇಳಿದೆಯಾ ಚನ್ನವೀರ? ತಮ್ಮ ಮನೆಯವರನ್ನು ಉಳಿಸಿಕೊಳ್ಳುವಷ್ಟು ಗೊತ್ತಿತ್ತು, ಊರಿನವರಿಗೆ ಹೇಳುವಷ್ಟು ನಾಲಗೆ ಇರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಇಪ್ಪತ್ತು ದಿನ ಕಳೆಯಿತು. ಹೊಳೆಗೆ ಹೊಸ ನೀರು ಬಂದಿತ್ತು. ಸಂತೆಯ ದಿನ ಒಬ್ಬ ಕುಂಬಾರ ಹೆಂಡತಿಯನ್ನೂ ಮಡಕೆಗಳನ್ನೂ ಕರೆದುಕೊಂಡು ಬಂದ. ಮಡಕೆಗಳನ್ನೂ ಕರೆದುಕೊಂಡು ಎಂದೆನೇ? ಸಿಟ್ಟಿನಲ್ಲಿ ಮಾತು ತಪ್ಪುತ್ತದೆ. ಹೆಂಡತಿಯನ್ನು ಕರೆದುಕೊಂಡು, ಮಡಕೆಗಳನ್ನು ಹೊತ್ತುಕೊಂಡು ಬಂದ. ಹುಟ್ಟು ಹಾಕುವವನ ಕಣ್ಣು ಬೆಳಿಗ್ಗೆಯೇ ಕೆಂಪಗಿತ್ತು. ನಡುನೀರಿನಲ್ಲಿ ಹರಿಗೋಲು ಗಿರಗಿರನೆ ತಿರುಗಿತು, ಮಗುಚಿತು. ಅವನು ಈಜಿ ಬಂದ. ಕುಂಬಾರನೂ ಈಜಿ ಬಂದ. ಕುಂಬಾರನ ಹೆಂಡತಿ ಬರಲಿಲ್ಲ.

ಮೂರನೆಯ ದಿನ ಕುಂಬಾರ ಸಮಿತಿಯ ಬಾಗಿಲು ಬಡಿದ. ಒಳಗೆ ಎಲ್ಲರೂ ಇದ್ದರು.

'ಇವನು ಕುಡಿಯುತ್ತಾನೆಂದು ನಿಮಗೆ ಮೊದಲೇ ಗೊತ್ತಿತ್ತೇ?' ಎಂದು ಕೇಳಿದ.

ಅಧ್ಯಕ್ಷ ಪುಸ್ತಕ ತೆರೆದು ಓದಿದ: 'ಚರ್ಚಿಸಲಾಯಿತು. ಸೂಕ್ತ ಕ್ರಮ ಕೈಗೊಳ್ಳಲಾಯಿತು.'

'ಯಾರು ಚರ್ಚಿಸಿದಿರಿ? ಇವನೇ ಇರಲಿ ಎಂದವರು ಯಾರು?'

'ಅದು ಸಭೆಯ ಗುಟ್ಟು.'

ಕುಂಬಾರ ಕೂಗಾಡಲಿಲ್ಲ. ಬಲಗೈ ಮುಂದೆ ಚಾಚಿದ. 'ಅವಳು ಹತ್ತಲು ಹೆದರಿದಳು. ನಮ್ಮ ಸಂಘದ ಹುಡುಗರೇ ಇದ್ದಾರೆ, ಹೆದರಬೇಡ ಎಂದು ನಾನೇ ಕೈ ಹಿಡಿದು ಹತ್ತಿಸಿದೆ. ಇದೇ ಆ ಕೈ. ನಾನು ಬಚ್ಚಿಡುವುದಿಲ್ಲ. ಅಂದು ನೀವು ಎತ್ತಿದ ಕೈ ಯಾವುದು, ನೀವೂ ತೋರಿಸಿ' ಎಂದ.

ಎಂಟು ಜನ ಕೂತಿದ್ದರು. ಒಬ್ಬನೂ ಕೈ ಹೊರಗೆ ತೆಗೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಪಕ್ಕಕ್ಕಿಟ್ಟ ಎಲೆಯನ್ನು ಮತ್ತೆ ಎತ್ತಿಕೊಂಡರು.

ಚನ್ನವೀರ ಮೆಲ್ಲಗೆ ಹೇಳಿದ: "ಗುರುಗಳೇ, ಅದು ಜೀವದ ಪ್ರಶ್ನೆ. ನಮ್ಮದು ಬರೀ ವಾಚನಾಲಯ. ಇಲ್ಲಿ ಯಾರೂ ಮುಳುಗಲಿಲ್ಲ. ಅವಳನ್ನು ಕೈಬಿಡಲಾಯಿತು, ಅಷ್ಟೇ."

"ಕೈಬಿಡಲಾಯಿತು ಎಂದೆಯಲ್ಲ ಚನ್ನವೀರ, ಆ ಕೈ ಯಾರದು?"