ಗೋಸುಂಬೆ ಕಾಲೆತ್ತಿ ತೂಗುವುದೇಕೆ

ಭೂಮಿ ಇನ್ನೂ ಹಸಿಯಾಗಿದ್ದ ಕಾಲ. ಗುಡ್ಡಗಳು ಆಗತಾನೇ ಬಂದು ಕೂತಿದ್ದವು. ಯಾವ ಕಡೆ ಹರಿಯಬೇಕೆಂದು ಹಳ್ಳಗಳು ಗಾಳಿಯನ್ನು ಕೇಳುತ್ತಿದ್ದವು. ಆಗ ಕುರುಚಲು ಕಾಡಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದವರು ಯಾರು ಗೊತ್ತೇ? ಮೊಲವಲ್ಲ. ಗೋಸುಂಬೆ.

ಅವಳ ಹೆಸರೇ ಬಿರುಗಾಲಿ. ಅವಳಿಗೂ ಈಗಿನ ಗೋಸುಂಬೆಗಳ ಹಾಗೆ ಎರಡು ಗುಂಡು ಕಣ್ಣು. ಒಂದು ಮೇಲೆ ನೋಡಿದರೆ ಇನ್ನೊಂದು ಕೆಳಗೆ. ಕಣ್ಣು ಕಂಡ ಕಡೆಗೆ ಕಾಲು ಓಡುತ್ತಿತ್ತು. ಮಿಡತೆ ಕಂಡರೆ ಮಿಡತೆಯ ಕಡೆ. ಅರ್ಧ ದಾರಿಯಲ್ಲಿ ನೊಣ ಕಂಡರೆ ನೊಣದ ಕಡೆ. ಮಿಡತೆಯೂ ಹೋಯಿತು, ನೊಣವೂ ಹೋಯಿತು. ಬಿರುಗಾಲಿ ನಕ್ಕು ಮತ್ತೆ ಓಡುತ್ತಿದ್ದಳು. ನಾಲ್ಕರಲ್ಲಿ ಒಂದು ಸಿಕ್ಕರೂ ಹೊಟ್ಟೆ ತುಂಬುತ್ತಿತ್ತು.

ಒಂದು ವರ್ಷ ಅವಳು ತಂಗಡಿ ಗಿಡದ ಬುಡದಲ್ಲಿ ಗುಳಿ ತೋಡಿ ಇಪ್ಪತ್ತು ಮೊಟ್ಟೆ ಇಟ್ಟಳು.

"ಮಣ್ಣು ಮುಚ್ಚು ಮಗಳೇ," ಎಂದಿತು ನೆಲ. "ಮುಚ್ಚಿದರೆ ನಾನು ಕಾಯುತ್ತೇನೆ."

"ಇಗೋ, ಮುಚ್ಚಿದೆ ನೆಲದವ್ವಾ."

ಒಂದು ಸಲ ಮಣ್ಣೆಳೆದಳು. ಎರಡು ಸಲ ಎಳೆದಳು. ಅಷ್ಟರಲ್ಲಿ ಎಡಗಣ್ಣಿಗೆ ಒಂದು ಚಿಟ್ಟೆ ಕಂಡಿತು. ಕಾಲು ಹೊರಟೇಬಿಟ್ಟಿತು. ಚಿಟ್ಟೆಯಿಂದ ನೊಣ, ನೊಣದಿಂದ ಜೀರುಂಡೆ. ಹೊತ್ತು ಇಳಿಯುವಾಗ ಮೊಟ್ಟೆಗಳ ನೆನಪಾಯಿತು.

ಓಡಿ ಬಂದಳು. ಗುಳಿ ಬಾಯಿ ತೆರೆದುಕೊಂಡಿತ್ತು. ಉಡ ಬಂದು ಹೋಗಿತ್ತು. ಸಿಪ್ಪೆಗಳ ಮೇಲೆ ಇರುವೆಗಳು ಹರಿದಾಡುತ್ತಿದ್ದವು.

"ಕೂಗಬಾರದಿತ್ತೇ ಅವ್ವಾ?"

"ಮೂರು ಸಲ ಕೂಗಿದೆ. ನೀನು ಆಗಲೇ ದೂರ ಹೋಗಿದ್ದೆ."

ಬಿರುಗಾಲಿ ತಂಗಡಿ ಗಿಡ ಹತ್ತಿ ಕೂತಳು. ಎರಡು ದಿನ ಏನೂ ತಿನ್ನಲಿಲ್ಲ. ಮೂರನೆಯ ದಿನ ಗಾಳಿ ಆ ಕಡೆ ಬಂದಾಗ ಕೇಳಿದಳು, "ಗಾಳಿಯಣ್ಣಾ, ಈ ಕಾಲು ನಿಲ್ಲಿಸುವುದು ಹೇಗೆ?"

"ನನ್ನನ್ನು ಕೇಳ್ತೀಯಲ್ಲ! ಹುಟ್ಟಿದಾಗಿನಿಂದ ನಾನೇ ನಿಂತಿಲ್ಲ. ಈ ಎಲೆಯನ್ನು ಕೇಳು. ದಿನಾ ಕರೀತೀನಿ, ಬರೋ ಹಾಗೆ ಮಾಡಿ ಅಲ್ಲೇ ಉಳೀತಾಳೆ."

ಎಲೆ ಹೇಳಿತು, "ಅವನು ಕರೆದಾಗ ನನಗೂ ಹೋಗಬೇಕು ಅನ್ನಿಸುತ್ತೆ ಅಕ್ಕಾ. ಅನ್ನಿಸೋದು ಬಿಡೋದಿಲ್ಲ. ಒಂಚೂರು ಮುಂದೆ ಹೋಗ್ತೀನಿ. ತೊಟ್ಟು ಹಿಡಿದು ಎಳೆಯುತ್ತೆ, ಹಿಂದೆ ಬರ್ತೀನಿ. ಅಷ್ಟೇ."

ಬಿರುಗಾಲಿ ಅಂದಿನಿಂದ ಕಲಿಯತೊಡಗಿದಳು. ಮೊದಮೊದಲು ಹತ್ತು ಹೆಜ್ಜೆ ಓಡಿದ ಮೇಲೆ ನೆನಪಾಗುತ್ತಿತ್ತು. ಆಮೇಲೆ ಐದು ಹೆಜ್ಜೆಗೆ. ಆಮೇಲೆ ಒಂದಕ್ಕೆ. ಕೊನೆಗೆ ಕಾಲು ಗಾಳಿಯಲ್ಲಿರುವಾಗಲೇ ಹಿಂದಕ್ಕೆಳೆದು, "ಎಲ್ಲಿಗೆ ಹೊರಟೆ? ಏನು ಮಾಡ್ತಿದ್ದೆ?" ಎಂದು ಕೇಳುವುದು ಬಂತು. ಕಣ್ಣುಗಳು ಮಾತ್ರ ಮಾತು ಕೇಳಲಿಲ್ಲ. 'ಕಣ್ಣು ತಿರುಗಲಿ, ಕಾಲು ಕೇಳಿ ಹೋಗಲಿ' ಎಂದುಕೊಂಡಳು.

ಅಳಿಲಿಗೆ ನಗು ತಡೆಯಲಾಗಲಿಲ್ಲ. "ಏನಕ್ಕಾ, ಕಾಲಿಗೆ ಮುಳ್ಳು ಚುಚ್ಚಿತೇ?"

"ಇಲ್ಲ ಕಣೋ, ಕಾಲನ್ನು ಮಾತಾಡಿಸ್ತಿದ್ದೀನಿ."

ಮರುವರ್ಷ ಮತ್ತೆ ಇಪ್ಪತ್ತು ಮೊಟ್ಟೆ ಇಟ್ಟಳು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಮಣ್ಣೆಳೆಯುವಾಗ ಒಂದು ದಪ್ಪ ಮಿಡತೆ ಅಲ್ಲೇ ಸಮೀಪದಲ್ಲಿ ಬಂದು ಕೂತಿತು. ಕಾಲು ಎದ್ದಿತು. ಮುಂದೆ ಹೋಯಿತು. ಹಿಂದೆ ಬಂತು.

"ಏನು ಮಾಡ್ತಿದ್ದೆ?"

"ಮಣ್ಣು ಮುಚ್ಚುತ್ತಿದ್ದೆ."

ಮಿಡತೆ ಹಾರಿಹೋಯಿತು. ಬಿರುಗಾಲಿ ಗುಳಿ ತುಂಬಿಸಿ, ಮಣ್ಣು ತಟ್ಟಿ, ತರಗೆಲೆ ಎಳೆದು ಹಾಕಿ ಗಿಡ ಹತ್ತಿದಳು.

ಆಗ ಉಡ ಬಂತು. ನಾಲಿಗೆ ಚಾಚಿ ಗಿಡದ ಸುತ್ತ ಮೂಸಿತು. ಇಳಿದು ಹೋಗಿ ಗುಳಿಗೆ ಅಡ್ಡ ನಿಲ್ಲಬೇಕೆಂದು ಬಿರುಗಾಲಿಯ ಕಾಲು ಮೇಲೆದ್ದಿತು. ನಿಂತರೆ? ಗುಳಿ ಎಲ್ಲಿದೆಯೆಂದು ತಾನೇ ತೋರಿಸಿದ ಹಾಗೆ. ಕಾಲು ಹಿಂದಕ್ಕೆಳೆದಳು. ಅದು ಮತ್ತೆ ಎದ್ದಿತು. ಮತ್ತೆ ಎಳೆದಳು. ಮುಂದೆ, ಹಿಂದೆ, ಮುಂದೆ, ಹಿಂದೆ. ಉಡ ತಲೆಯೆತ್ತಿ ನೋಡಿತು. ಅದಕ್ಕೆ ಗಾಳಿಗೆ ತೂಗುವ ಒಂದು ಎಲೆ ಮಾತ್ರ ಕಂಡಿತು. ನೆಲವೂ ಬಾಯಿ ಬಿಡಲಿಲ್ಲ. ಉಡ ಬೇರೆ ಕಡೆ ಹೋಯಿತು.

ತಿಂಗಳುಗಳು ಕಳೆದವು. ಮಳೆ ಬಿದ್ದು ಮಣ್ಣು ಸಡಿಲವಾದ ಒಂದು ಬೆಳಿಗ್ಗೆ ಬೆರಳುಗುರಿನಷ್ಟು ಮರಿಗಳು ಒಂದೊಂದಾಗಿ ಹೊರಗೆ ಬಂದವು. ಇಪ್ಪತ್ತೂ ಬಂದವು. ಬಿರುಗಾಲಿ ಕೊಂಬೆಯ ಮೇಲಿಂದ ಎರಡೂ ಕಣ್ಣನ್ನು ಒಂದೇ ಕಡೆ ಇಟ್ಟು ನೋಡಿದಳು. ಮರಿಗಳಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಆದರೂ ಪ್ರತಿಯೊಂದೂ ಕಾಲೆತ್ತಿತು, ತೂಗಿತು, ಆಮೇಲೆ ಹೆಜ್ಜೆ ಇಟ್ಟಿತು.

ಇವತ್ತಿಗೂ ಬೇಲಿಯ ಮೇಲೆ ಹೋಗುವ ಗೋಸುಂಬೆ ಕಾಲೆತ್ತಿ ಹಿಂದೆ ಮುಂದೆ ತೂಗುತ್ತಿರುವುದನ್ನು ಕಂಡರೆ ಅವಸರ ಮಾಡಬೇಡಿ ಮಕ್ಕಳೇ, ಅದು ತನ್ನ ಕಾಲನ್ನು ಕೇಳುತ್ತಿದೆ, ಉತ್ತರ ಬಂದ ಮೇಲೆ ಹೆಜ್ಜೆ ಇಡುತ್ತದೆ.