ಬಿಟ್ಟಿ ಬಾಗಿಲ ಕೌತುಕದ ಮನೆ

ಒಳಗೆ ಹೋಗುವಾಗ ಕಾಸು ಕೇಳುವುದಿಲ್ಲ, ಹೊರಗೆ ಬರುವಾಗ ಆಳನ್ನೇ ಕೇಳುತ್ತದೆ. ಅದು ಯಾವ ಮನೆ? ತಲೆ ಕೆರೆದುಕೊಳ್ಳಬೇಡಿ, ಹೊಳೆಯುವುದಿಲ್ಲ. ಚೌಡನಿಗೆ ಹೊಳೆಯುವಷ್ಟರಲ್ಲಿ ಅವನು ಆ ಮನೆಯ ಒಳಗೇ ನಿಂತಿದ್ದ.

ಆದದ್ದು ಹೀಗೆ. ವಿಕಟವರ್ಮ ಎಂಬ ರಾಜ ದೇಶದೇಶದ ಕತ್ತಿ, ಕೊಡ, ಹುಲಿಯ ತೊಗಲು, ತಿಮಿಂಗಿಲದ ಮೂಳೆ ಎಲ್ಲ ತರಿಸಿ ಪಟ್ಟಣದ ನಡುವೆ ಒಂದು ಕೌತುಕದ ಮನೆ ಕಟ್ಟಿಸಿದ್ದ. ಒಂದು ಬೆಳಗ್ಗೆ ಪೇಟೆಯಲ್ಲಿ ಡಂಗುರ ಬಿತ್ತು.

"ಕೇಳ್ರಪ್ಪೋ ಕೇಳಿ. ಮಹಾರಾಜರ ಕೌತುಕದ ಮನೆ ಇವತ್ತು ಎಲ್ಲರಿಗೂ ಬಿಟ್ಟಿ."

ಬಿಟ್ಟಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಜನ ಪಂಚೆ ಎತ್ತಿ ಕಟ್ಟಿ ಓಡಿದರು. ಉಳಿದರ್ಧವನ್ನು ಡಂಗುರದವನು ಖಾಲಿ ಬೀದಿಯಲ್ಲಿ ಒಂದು ಕತ್ತೆಗೆ ಸಾರಿದ. "ಮಹಾರಾಜರು ಮೂರು ಒಗಟು ಕೇಳ್ತಾರೆ. ಮೂರೂ ಬಿಡಿಸೋವರೆಗೆ ಬಾಗಿಲು ತೆಗೆಯೋದಿಲ್ಲ. ತಪ್ಪು ಹೇಳಿದೋರು ಕಪಾಟಿಗೆ."

ಚೌಡ ಬೀದಿ ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುವವನು. ಸಿದ್ದನೂ ಜವನನೂ ಅವನ ಗೆಳೆಯರು. ಮೂವರ ಹತ್ತಿರ ಇದ್ದದ್ದು ಒಂದು ಗಂಟು ಹುರಿಗಡಲೆ. "ಬಿಟ್ಟೀಲಿ ತಿಮಿಂಗಿಲ ನೋಡಬಹುದಂತೆ, ಬಾರ್ಲಾ" ಎಂದು ಸಿದ್ದನೇ ಇಬ್ಬರನ್ನೂ ಎಳೆದು ತಂದಿದ್ದ. ಬಾಗಿಲಲ್ಲಿ ನೂಕಾಟ. ಮೊದಲು ನುಗ್ಗಿದ್ದು ಐದೇ ಜನ: ಈ ಮೂವರು, ರೇಷ್ಮೆ ಅಂಗಿಯ ಒಬ್ಬ ವ್ಯಾಪಾರಿ, ಅರಮನೆಯ ಒಬ್ಬ ಪಂಡಿತ. ಹಿಂದೆ ಬಾಗಿಲು ಧಡ್ ಎಂದು ಮುಚ್ಚಿತು.

ಒಳಗಿನ ಹಜಾರದಲ್ಲಿ ಸಾಲಾಗಿ ಐದು ಗಾಜಿನ ಕಪಾಟು. ಒಂದರಲ್ಲೂ ಏನಿಲ್ಲ, ಬರೀ ಚೀಟಿ ಅಂಟಿಸಿತ್ತು. ಜವನ ಅಕ್ಷರ ಕೂಡಿಸಿ ಓದಿದ. "ವ್ಯಾ... ಪಾರಿ. ಪಂಡಿತ. ಲೋ ಚೌಡ, 'ಬಡವ' ಅಂತಾನೂ ಇದೆ ಕಣೋ. ಮೂರು ಇದೆ."

ಚೌಡ ಹಿಂದೆ ತಿರುಗಿ ಬಾಗಿಲು ತಳ್ಳಿ ನೋಡಿದ, ಅಲ್ಲಾಡಲಿಲ್ಲ.

"ಹುಲಿ ಸಿಕ್ಕಿತು, ತಿಮಿಂಗಿಲ ಸಿಕ್ಕಿತು" ಎಂದಿತು ಒಂದು ಮೆತ್ತಗಿನ ದನಿ. ಹಜಾರದ ತುದಿಯಲ್ಲಿ ರಾಜ ಉತ್ತರೀಯದಿಂದ ಸಿಂಹಾಸನ ಒರೆಸಿಕೊಂಡು ಕೂತ. "ಮನುಷ್ಯರು ಮಾತ್ರ ಬಾಕಿ. ಕೇಳಿ. ಒಬ್ಬಳು ದಿನಾ ಬೆಂಕಿಯ ಮೇಲೆ ಕೂರುತ್ತಾಳೆ. ಮನೆಮಂದಿಗೆಲ್ಲ ಉಣಿಸುತ್ತಾಳೆ, ತಾನೊಂದು ಅಗುಳು ಮುಟ್ಟಳು. ಮೈ ಕರಿ, ಹೊಟ್ಟೆಯೊಳಗೆ ಬೆಳ್ಳಿಬಣ್ಣ. ಆ ಬಣ್ಣ ಸವೆದರೆ ಅವಳು ಉಣಿಸಿದ ಹುಳಿ ವಿಷ. ಯಾರವಳು?"

"ನಮ್ಮತ್ತೆ ಇರಬೇಕು" ಎಂದು ವ್ಯಾಪಾರಿ ನಕ್ಕ. ನಗು ಮುಗಿಯುವ ಮೊದಲೇ ಅವನು ಕಪಾಟಿನೊಳಗಿದ್ದ. ಪಂಡಿತ ಗಂಟಲು ಸರಿಮಾಡಿಕೊಂಡು "ಭೂದೇವಿ" ಎಂದ. ಅವನೂ ಹೋದ. ಇಬ್ಬರೂ ಬೊಂಬೆಯಂತೆ ನಿಂತಿದ್ದರು, ಕಣ್ಣು ಮಾತ್ರ ಹೊರಳುತ್ತಿತ್ತು.

ಚೌಡ ಒಂದು ಹೆಜ್ಜೆ ಮುಂದೆ ಬಂದ. "ತಾಮ್ರದ ಪಾತ್ರೆ, ಬುದ್ಧಿ. ಒಳಗಿನ ಬೆಳ್ಳಿಬಣ್ಣ ಅಂದ್ರೆ ಕಲಾಯಿ. ಅದು ಹೋದಮೇಲೆ ಹುಳಿ ಕಾಯಿಸಿದ್ರೆ ಕಿಲುಬು ಏರ್ತದೆ. ಏರಬಾರದು ಅಂತಾನೇ ನಮ್ಮಂಥೋರು ಬೀದಿ ತಿರುಗೋದು."

ರಾಜನ ಹುಬ್ಬು ಗಂಟಾಯಿತು. "ಸರಿ. ಇನ್ನೊಬ್ಬನಿದ್ದಾನೆ. ಬಾಗಿಲು ಹಾಕಿದರೂ ಬರುತ್ತಾನೆ, ನಾನು ಏಳುವ ಮೊದಲೇ ನನ್ನ ಸಿಂಹಾಸನದಲ್ಲಿ ಕೂತಿರುತ್ತಾನೆ. ಆಳುಗಳು ಹೊಡೆದು ಹೊರಗೆ ಹಾಕಿದರೂ ನಾಳೆ ಮತ್ತೆ ಹಾಜರು."

ಕಿಂಡಿಯಿಂದ ಬಿದ್ದ ಬೆಳಕನ್ನು ನೋಡುತ್ತಿದ್ದ ಜವನ ಬಾಯಿ ತಡೆಯಲಾರದೆ "ಬಿಸಿಲು" ಎಂದುಬಿಟ್ಟ. ಚೌಡ ಅವನ ಕೈ ಹಿಡಿಯಹೋದ. ಹಿಡಿತಕ್ಕೆ ಸಿಕ್ಕಿದ್ದು ಬರೀ ಗಾಳಿ.

"ಬಿಸಿಲನ್ನ ಹೊಡೆದು ಹೊರಗೆ ಹಾಕೋಕಾಗಲ್ಲ" ಎಂದ ಚೌಡ, ಕಪಾಟಿನಲ್ಲಿ ನಿಂತ ಜವನನನ್ನು ನೋಡುತ್ತ. "ಅದು ಧೂಳು, ಬುದ್ಧಿ. ಕೂರೋ ಮೊದಲು ನೀವೇ ಒರೆಸಿದ್ರಲ್ಲ."

"ಕೊನೆಯದು" ಎಂದ ರಾಜ. ದನಿ ಇನ್ನೂ ಮೆತ್ತಗಾಗಿತ್ತು. "ಈ ಮನೆಯದೇ ಒಂದು ವಸ್ತು. ಬಂದವರೆಲ್ಲ ಎಲ್ಲವನ್ನೂ ಅದರ ಮೂಲಕವೇ ನೋಡುತ್ತಾರೆ, ಅದನ್ನು ಮಾತ್ರ ನೋಡುವುದಿಲ್ಲ. ಚೊಕ್ಕಟವಾಗಿದ್ದಷ್ಟೂ ಇಲ್ಲದಂತೆಯೇ ಇರುತ್ತದೆ."

"ಇದು ಸುಲಭ ಕಣೋ, ಕಣ್ಣು" ಎಂದ ಸಿದ್ದ. ಚೌಡನ ಮನಸ್ಸಿನಲ್ಲಿದ್ದದ್ದೂ ಅದೇ.

"ಕಣ್ಣು ನೀನು ತಂದದ್ದು. ನಾನು ಕೇಳಿದ್ದು ಮನೆಯದನ್ನು" ಎಂದ ರಾಜ. ಸಿದ್ದನೂ ಹೋದ.

ಈಗ ಉಳಿದದ್ದು ಚೌಡ ಒಬ್ಬನೇ, ಖಾಲಿ ಕಪಾಟೂ ಒಂದೇ. ರಾಜ ಬೆರಳು ಮಡಚಿ ಎಣಿಸತೊಡಗಿದ. ಚೌಡ ಸಿದ್ದನ ಮುಂದೆ ಹೋಗಿ ನಿಂತ. ಸಿದ್ದನ ಕಣ್ಣಲ್ಲಿ ನೀರು. ಅವನ ಮೂಗಿನ ಮುಂದೆ, ಏನೂ ಇಲ್ಲದ ಜಾಗದಲ್ಲಿ, ಬಿಲ್ಲೆಯಷ್ಟಗಲ ಬೆಳ್ಳಗೆ ಮಂಜು ಕಟ್ಟಿತ್ತು. ಕರಗಿತು. ಅವನು ಉಸಿರು ಬಿಟ್ಟಾಗ ಮತ್ತೆ ಕಟ್ಟಿತು.

ರಾಜ ಕೊನೆಯ ಬೆರಳು ಮಡಚುತ್ತಿದ್ದ.

"ಗಾಜು" ಎಂದ ಚೌಡ. "ಇಷ್ಟು ಹೊತ್ತು ಇವರನ್ನೆಲ್ಲ ಅದರಿಂದಲೇ ನೋಡ್ತಿದ್ದೆ, ಅದನ್ನ ನೋಡಲಿಲ್ಲ. ಸಿದ್ದ ಉಸಿರು ಬಿಟ್ಟಾಗ ಕಾಣ್ತು."

ಐದು ಕಪಾಟೂ ಒಟ್ಟಿಗೆ ಸಿಡಿದವು. ನಾಲ್ವರು ಕೆಮ್ಮುತ್ತ ಈಚೆ ಬಿದ್ದರು. ಸೋತ ರಾಜ ಅರ್ಧ ರಾಜ್ಯ ಕೊಡುತ್ತೇನೆಂದ. "ರಾಜ್ಯ ಕಟ್ಕೊಂಡು ನಾನೇನ್ ಮಾಡ್ಲಿ ಬುದ್ಧಿ, ಈ ಮನೆ ಬೀಗದ ಕೈ ಕೊಡಿ" ಎಂದ ಚೌಡ. ಅಂದಿನಿಂದ ಅಲ್ಲಿ ಹೋಗೋದೂ ಬಿಟ್ಟಿ, ಬರೋದೂ ಬಿಟ್ಟಿ.

ನಿಜ ಹೇಳಿಬಿಡುತ್ತೇನೆ. ನನಗೆ ಈ ಕತೆ ಹೇಳಿದ ಅಜ್ಜ, ಸಿದ್ದ ಕಪಾಟಿಗೆ ಹೋದಲ್ಲಿಗೇ "ಅಷ್ಟೇ ಕಣ್ಲಾ" ಎಂದು ಎದ್ದು ಹೋದ. ಗಾಜು ಒಡೆದವನು ನಾನು. ಸಿದ್ದನನ್ನು ಕಪಾಟಿನಲ್ಲೇ ನಿಲ್ಲಿಸಿ ಊಟಕ್ಕೆ ಕೂರೋಕೆ ನನ್ನ ಕೈಲಾಗಲಿಲ್ಲ.