ಮರದ ಹಿಡಿಯ ಬ್ರಷ್

ನನ್ನ ತಾಯಿಯ ತವರೂರಿನ ಅಮಲ್ದಾರರು ಒಂದು ದಿನ ಜವಾನನನ್ನು ಕರೆದರು. "ಡೆಪ್ಯುಟಿ ಕಮಿಷನರ್ ಸಾಹೇಬರ ಹತ್ತಿರ ಇದೆಯಲ್ಲ, ಅಂಥ ಬ್ಯಾಡ್ಜರ್ ಕೂದಲಿನ ಶೇವಿಂಗ್ ಬ್ರಷ್ ತಗೊಂಡು ಬಾ. ಮೂರೇ ರೂಪಾಯಿ ಕೊಡೋದು. ಕೆನ್ನೆಗೆ ಚುಚ್ಚಿತೋ, ನಾಳೆಯಿಂದ ಕಚೇರಿ ಕಡೆ ತಲೆ ಹಾಕಬೇಡ."

ಬ್ಯಾಡ್ಜರ್ ಯಾವ ಪ್ರಾಣಿಯೆಂದೇ ಜವಾನನಿಗೆ ಗೊತ್ತಿರಲಿಲ್ಲ. ಪೇಟೆಗೆ ಹೋಗಿ ಕೇಳಿದ. ಅಂಗಡಿಯ ಸಾಹುಕಾರರು ಕೂತಲ್ಲಿಂದಲೇ ಐದು ಬ್ರಷ್ ಮುಂದೆ ತಳ್ಳಿದರು.

"ಎಲ್ಲಾ ಬ್ಯಾಡ್ಜರೇ. ದಂತದ ಹಿಡಿಯದು ಮೂವತ್ತು ರೂಪಾಯಿ, ಅದು ರೇಷ್ಮೆ. ಮರದ ಹಿಡಿಯದು ಮೂರು, ಅದು ಪೊರಕೆ ಕಣಯ್ಯ."

ಜವಾನ ಹೆಗಲ ಮೇಲಿನ ವಲ್ಲಿ ತೆಗೆದ. ಬ್ರಷ್‌ಗಳನ್ನು ಅದಲುಬದಲು ಮಾಡಿ, ಕೂದಲಷ್ಟೇ ಕಾಣುವಂತೆ ಹಿಡಿಗಳನ್ನೆಲ್ಲ ವಲ್ಲಿಯಲ್ಲಿ ಮುಚ್ಚಿ ಹಿಡಿದ.

"ಸಾಹುಕಾರ್ರೇ, ನೀವೇ ಕೆನ್ನೆಗೆ ತಾಗಿಸಿ ನೋಡಿ. ರೇಷ್ಮೆ ಯಾವುದು ಹೇಳಿ."

ಸಾಹುಕಾರರು ಬಗ್ಗಿ ಒಂದೊಂದಕ್ಕೂ ಕೆನ್ನೆಯೊಡ್ಡಿದರು. "ಇದೇ! ಆಹಾ, ಇದೇ!"

ವಲ್ಲಿ ಸರಿಸಿದರೆ ಅದು ಮರದ ಹಿಡಿ.

ಸಾಹುಕಾರರು ಗಾದಿ ಬಿಟ್ಟು ಎದ್ದು ನಿಂತರು. "ಇಪ್ಪತ್ತು ವರ್ಷದಿಂದ ನಾನು ಬರೀ ಹಿಡಿ ಮಾರ್ತಿದ್ದೆನಲ್ಲಪ್ಪಾ!" ಎಂದು ಕೈಮುಗಿದರು.

ಮರುದಿನ ಬೆಳಿಗ್ಗೆ ಅಮಲ್ದಾರರು ಕನ್ನಡಿಯ ಮುಂದೆ ಕೂತು ನೊರೆ ಹಚ್ಚಿಕೊಂಡರು. ಜವಾನ ಹಿಂದೆ ನಿಂತಿದ್ದ. "ಮೆತ್ತಗೇನೋ ಇದೆ. ಆದರೆ ಮರದ ಹಿಡಿಯೇನೋ?"

"ಹಿಡಿ ತಮ್ಮ ಮುಷ್ಟಿಯೊಳಗೇ ಇರುತ್ತೆ ಬುದ್ಧಿ. ಕೆನ್ನೆಗೆ ಎಲ್ಲಿ ಕಾಣುತ್ತೆ?"

ಅಮಲ್ದಾರರು ಕನ್ನಡಿಯಲ್ಲಿ ಅವನ ಮುಖವನ್ನೇ ನೋಡಿದರು. ಬ್ರಷ್ಷನ್ನು ಇನ್ನೊಮ್ಮೆ ಕೆನ್ನೆಗೆ ಸವರಿಕೊಂಡರು.

"ಹೊತ್ತಾಯ್ತು," ಎಂದರು. "ಹೋಗಿ ಕಚೇರಿ ಬಾಗಿಲು ತೆಗಿ."